ರಾತ್ರಿ ಪಾಳಿ ಮುಗಿಸಿ ಲ್ಯಾಬಿಗೆ ಬರುವವರು

ನನ್ನ ಎಲೆಕ್ಟ್ರಾನಿಕ್ಸ್ ಲ್ಯಾಬ್ ಶುರುವಾಗುವುದು ಬೆಳಿಗ್ಗೆ ಎಂಟಕ್ಕೆ. ಕೆಲವು ವರ್ಷಗಳ ಹಿಂದೆ ಹುಡುಗನೊಬ್ಬ ಆಸಿಲೊಸ್ಕೋಪಿನ ಪ್ರೋಬ್ ಹಿಡಿದುಕೊಂಡೇ ತೂಕಡಿಸುತ್ತಿದ್ದ. ಗದರಿಸೋಣವೆಂದು ಹತ್ತಿರ ಹೋದೆ. ಕೊರಳಲ್ಲಿ ಗೋದಾಮಿನ ಬ್ಯಾಡ್ಜ್ ಇನ್ನೂ ನೇತಾಡುತ್ತಿತ್ತು. ರಾತ್ರಿ ಹತ್ತರಿಂದ ಆರರವರೆಗೆ ಪೆಟ್ಟಿಗೆ ಹೊತ್ತು, ಕಾರಿನಲ್ಲೇ ಒಂದು ಗಳಿಗೆ ಕಣ್ಣು ಮುಚ್ಚಿ, ಸೀದಾ ಕ್ಲಾಸಿಗೆ ಬಂದಿದ್ದ. ಅವನು ಜೋಡಿಸಿದ ಸರ್ಕ್ಯೂಟ್ ಇಡೀ ಲ್ಯಾಬಿನಲ್ಲೇ ಅಚ್ಚುಕಟ್ಟು. ಏಳನೇ ವಾರದಿಂದ ಅವನು ಬರಲೇ ಇಲ್ಲ.

ಕ್ಯಾಲಿಫೋರ್ನಿಯಾದ ಕಮ್ಯುನಿಟಿ ಕಾಲೇಜಿನಲ್ಲಿ (ಎರಡು ವರ್ಷದ ಸರ್ಕಾರಿ ಕಾಲೇಜು) ಪಾಠ ಮಾಡುತ್ತೇನೆ ಎಂದರೆ ಊರಿನವರು ಮೊದಲು ಕೇಳುವುದು ಫೀಸು. ರಾಜ್ಯದ ನಿವಾಸಿಗಳಿಗೆ ಪಾಠದ ಅಳತೆಯಾದ ಒಂದು ಯೂನಿಟ್‌ಗೆ 46 ಡಾಲರ್, 12 ಯೂನಿಟ್ ತೆಗೆದುಕೊಂಡರೆ ಸೆಮಿಸ್ಟರಿಗೆ 552. ಬಡವರಿಗೆ ಅದೂ ಮಾಫಿ. ಆದರೂ ಮಕ್ಕಳು ಓದು ಬಿಡುತ್ತಾರೆ. ಮನೆ ಬಾಡಿಗೆ, ಪೆಟ್ರೋಲು, ತಮ್ಮ ತಂಗಿಯರ ಊಟಕ್ಕೆ ದುಡಿಯಲೇಬೇಕು, ದುಡಿದರೆ ಓದಲು ಹೊತ್ತಿಲ್ಲ. ತಾಂತ್ರಿಕ ವಿಷಯಗಳಲ್ಲಂತೂ ಏಟು ಜೋರು. ಕ್ಯಾಲ್ಕುಲಸ್ ಆಗದೆ ಫಿಸಿಕ್ಸ್ ಇಲ್ಲ, ಫಿಸಿಕ್ಸ್ ಆಗದೆ ಸರ್ಕ್ಯೂಟ್ಸ್ ಇಲ್ಲ. ಸಣ್ಣ ಕಾಲೇಜುಗಳಲ್ಲಿ ಇವುಗಳಲ್ಲಿ ಕೆಲವು ವರ್ಷಕ್ಕೊಮ್ಮೆ ಮಾತ್ರ ನಡೆಯುತ್ತವೆ. ಒಂದು ಕ್ಲಾಸ್ ಕೈಬಿಟ್ಟರೆ ಒಂದು ವರ್ಷವೇ ಹೋದಂತೆ.

ಇಂಥವರಿಗಾಗಿ ಅಮೆರಿಕದ ನ್ಯಾಷನಲ್ ಸೈನ್ಸ್ ಫೌಂಡೇಶನ್ ಕೊಡುವುದು ಎಸ್-ಸ್ಟೆಮ್ ಎಂಬ, ವಿಜ್ಞಾನ, ತಂತ್ರಜ್ಞಾನ, ಇಂಜಿನಿಯರಿಂಗ್, ಗಣಿತ ಓದುವವರ ವಿದ್ಯಾರ್ಥಿವೇತನ. ಅದರ ಹಣ ಎಲ್ಲಿಂದ ಬರುತ್ತದೆಂಬುದು ನಮ್ಮವರಲ್ಲಿ ಬಹಳ ಮಂದಿಗೆ ಗೊತ್ತಿಲ್ಲ: ಎಚ್-1ಬಿ ವೀಸಾ ಶುಲ್ಕದಿಂದ! 2004ರ ಕಾನೂನಿನಂತೆ 25ಕ್ಕಿಂತ ಹೆಚ್ಚು ನೌಕರರಿರುವ ಕಂಪನಿ ಕಟ್ಟುವ 1,500 ಡಾಲರಿನಲ್ಲಿ ಶೇ. 30, ಅಂದರೆ 450 ಡಾಲರ್, ಈ ಮಕ್ಕಳ ಪಾಲಿಗೆ. ಬೆಂಗಳೂರಿನ ಇಂಜಿನಿಯರ್ ಒಬ್ಬರ ವೀಸಾ ಅರ್ಜಿ ಇಲ್ಲಿನ ಬಡ ಹುಡುಗಿಯ ಓದಿಗೆ ಆಸರೆಯಾಗುತ್ತದೆ. ಆದರೆ ಅದೇ ಇಂಜಿನಿಯರ್‌ನ ಎಚ್-4 (ಅವಲಂಬಿತರ) ವೀಸಾದಲ್ಲಿರುವ ಮಗಳಿಗೆ ಇದು ಸಿಗದು. ಪೌರತ್ವವೋ ಗ್ರೀನ್ ಕಾರ್ಡೋ ನಿರಾಶ್ರಿತರ ಸ್ಥಾನಮಾನವೋ ಬೇಕು. ಎಷ್ಟೋ ಕನ್ನಡದ ಮನೆಗಳಿಗೆ ಈ ಮಾತು ಹೇಳಬೇಕಾಗಿ ಬಂದಿದೆ, ಪ್ರತಿ ಸಲವೂ ಸಂಕಟವಾಗುತ್ತದೆ.

ನಮ್ಮಲ್ಲಿ ಓದುವ ಒಬ್ಬರಿಗೆ ವರ್ಷಕ್ಕೆ ಗರಿಷ್ಠ 15,000 ಡಾಲರ್, ಅವರವರ ಅಗತ್ಯದ ಮಿತಿಯೊಳಗೆ. ಇದನ್ನು ನಾನು ಗಂಟೆಗಳಲ್ಲಿ ಲೆಕ್ಕ ಹಾಕುತ್ತೇನೆ. 2025ರಲ್ಲಿ ಇಲ್ಲಿನ ಕನಿಷ್ಠ ಕೂಲಿ ಗಂಟೆಗೆ 16.50 ಡಾಲರ್ ಇತ್ತು. ವಾರಕ್ಕೆ 20 ಗಂಟೆಯಂತೆ 36 ವಾರ ದುಡಿದರೆ 11,880 ಡಾಲರ್. ಅಷ್ಟು ಕೈಗೆ ಬಂದರೆ ವಾರದ 20 ಗಂಟೆ ಮರಳಿ ಓದಿಗೆ ಸಿಗುತ್ತದೆ. ಹಣವನ್ನು ಫೌಂಡೇಶನ್ ಕಾಲೇಜಿಗೆ ಕೊಡುತ್ತದೆ, ಕಾಲೇಜು ವಿದ್ಯಾರ್ಥಿಗಳನ್ನು ಆರಿಸುತ್ತದೆ. ಹಾಗಾಗಿ ನಿಮ್ಮ ಕಾಲೇಜಿನಲ್ಲಿ ಈ ಯೋಜನೆ ಇದೆಯೇ ಎಂದು ಮೊದಲ ವಾರವೇ ಹೋಗಿ ವಿಚಾರಿಸಿ.

ದುಡ್ಡಿನ ಜೊತೆ ಮನುಷ್ಯರೂ ಬೇಕು. ನ್ಯೂಯಾರ್ಕ್ ನಗರದ ಸರ್ಕಾರಿ ವಿಶ್ವವಿದ್ಯಾಲಯ 2007ರಲ್ಲಿ ಎಎಸ್‌ಎಪಿ ಎಂಬ ಕಾರ್ಯಕ್ರಮ ತಂದಿತು. ಫೀಸಿನ ಬಾಕಿ ತುಂಬುವುದು, ಪುಸ್ತಕಕ್ಕೆ ನೆರವು, ಮೆಟ್ರೋ ಪಾಸು, ಆಗಾಗ ಕರೆದು ಮಾತಾಡಿಸುವ ಒಬ್ಬ ಸಲಹೆಗಾರ. ಚೀಟಿ ಎತ್ತಿದಂತೆ ಎರಡು ಗುಂಪು ಮಾಡಿ ಅಧ್ಯಯನ ನಡೆಸಿದಾಗ ಮೂರು ವರ್ಷದಲ್ಲಿ ಡಿಗ್ರಿ ಮುಗಿಸಿದವರು ಈ ನೆರವು ಪಡೆದ ಗುಂಪಿನಲ್ಲಿ ಶೇ. 40, ಇನ್ನೊಂದರಲ್ಲಿ ಶೇ. 22. ಆ ಮೆಟ್ರೋ ಪಾಸನ್ನು ಸಲಹೆಗಾರರನ್ನು ಕಂಡು ಬರುವವರಿಗೆ ತಿಂಗಳು ತಿಂಗಳು ಕೊಡುತ್ತಿದ್ದರು. ಎಷ್ಟು ಸರಳ ಉಪಾಯ!

ಇನ್ನೊಂದು ಮುಖ್ಯ ವಿಷಯ. ಅಮೆರಿಕ ಸರ್ಕಾರದ ವಿದ್ಯಾರ್ಥಿ ನೆರವಿನ ಅರ್ಜಿಯಾದ ಫಾಫ್ಸಾ ಎರಡು ವರ್ಷದ ಹಿಂದಿನ ಆದಾಯ ನೋಡುತ್ತದೆ. 2025-26ರ ಓದಿನ ವರ್ಷಕ್ಕೆ ಲೆಕ್ಕ 2023ರದು. ಕಳೆದ ಬಾರಿ ಒಬ್ಬ ಹುಡುಗಿಯ ತಾಯಿಗೆ ಕೆಲಸ ಹೋಗಿತ್ತು, ಕಾಗದದ ಮೇಲೆ ಮಾತ್ರ ಮನೆ ಅನುಕೂಲಸ್ಥರದು. ನೆರವು ಸಿಗಲಿಲ್ಲವೆಂದು ಅವಳು ಸುಮ್ಮನಾಗಿದ್ದಳು. ಇಂಥ ಸಂದರ್ಭದಲ್ಲಿ ಕಾಲೇಜಿನ ಹಣಕಾಸು ನೆರವು ಕಚೇರಿ ಮರುಪರಿಶೀಲನೆ ಮಾಡಬಹುದು, ಆದರೆ ನಾವೇ ಹೋಗಿ ಕೇಳಬೇಕು. ಕೆಲಸದಿಂದ ತೆಗೆದ ಪತ್ರ, ಕೊನೆಯ ಸಂಬಳದ ಚೀಟಿ ಹಿಡಿದು ಇಬ್ಬರೂ ಹೋದೆವು. ತಿಂಗಳೊಳಗೆ ಲೆಕ್ಕ ಬದಲಾಯಿತು. ಅವಳು ಶನಿವಾರ, ಭಾನುವಾರದ ಪಾಳಿ ಬಿಟ್ಟಳು. ಈಗ ಶನಿವಾರ ಬೆಳಿಗ್ಗೆ ನನ್ನ ಲ್ಯಾಬಿನ ಬೀಗದ ಕೈ ಅವಳ ಹತ್ತಿರವೇ ಇರುತ್ತದೆ.