ವಿಲ್ಸನ್, ವರ್ಸೇಲ್ಸ್ ಒಪ್ಪಂದ ಮತ್ತು ಏಳು ಮತಗಳ ಕೊರತೆ

“ರಾಷ್ಟ್ರಸಂಘಕ್ಕಾಗಿ ದುಡಿದವರು ಅಮೆರಿಕದ ಅಧ್ಯಕ್ಷರು, ಆದರೆ ಅಮೆರಿಕವೇ ಅದನ್ನು ಸೇರಲಿಲ್ಲ.” ಪರೀಕ್ಷೆಯಲ್ಲಿ ನಾವೆಲ್ಲ ಬರೆಯುವ ಸಾಲು ಇದು. ಬೇಡವೆಂದವರು ಯಾರು, ಏಕೆ ಎಂದು ಮತಗಳ ಲೆಕ್ಕ ತೆಗೆದರೆ ಈ ಸಾಲು ಅರ್ಧಸತ್ಯವಾಗಿ ಕಾಣುತ್ತದೆ.

ಹಿನ್ನೆಲೆ ನಿಮಗೆ ಗೊತ್ತಿರುವುದೇ. 1917ರ ಏಪ್ರಿಲ್‌ನಲ್ಲಿ ಅಮೆರಿಕ ಮೊದಲ ಮಹಾಯುದ್ಧಕ್ಕಿಳಿಯಿತು. 1918ರ ಜನವರಿ 8ರಂದು ಅಧ್ಯಕ್ಷ ವುಡ್ರೋ ವಿಲ್ಸನ್ ಶಾಂತಿಗಾಗಿ ಹದಿನಾಲ್ಕು ಅಂಶಗಳನ್ನು ಮಂಡಿಸಿದರು. ಅವುಗಳಲ್ಲಿ ಕೊನೆಯದು, ರಾಷ್ಟ್ರಗಳೆಲ್ಲ ಸೇರಿದ ಒಂದು ಸಂಘ; ಅದೇ ಮುಂದೆ ರಾಷ್ಟ್ರಸಂಘವಾಯಿತು. ಪಠ್ಯಗಳು ಅವಸರದಲ್ಲಿ ದಾಟಿಹೋಗುವ ಘಟನೆ ಇದರ ನಂತರದ್ದು: ಅದೇ ವರ್ಷದ ನವೆಂಬರ್ ಚುನಾವಣೆಯಲ್ಲಿ ಸಂಸತ್ತಿನ ಎರಡೂ ಸದನಗಳು ಎದುರಾಳಿ ರಿಪಬ್ಲಿಕನ್ನರ ಪಾಲಾದವು. ಮೇಲ್ಮನೆಯಾದ ಸೆನೆಟ್‌ನಲ್ಲಿ ಅವರು 49, ವಿಲ್ಸನ್ ಅವರ ಡೆಮಾಕ್ರಟಿಕ್ ಪಕ್ಷದವರು 47. ಯಾವುದೇ ಅಂತರರಾಷ್ಟ್ರೀಯ ಒಪ್ಪಂದಕ್ಕೆ ಅಲ್ಲಿ ಮೂರನೇ ಎರಡರಷ್ಟು ಮತ ಬೇಕು. ಹೀಗಿದ್ದೂ ಪ್ಯಾರಿಸ್‌ನ ಶಾಂತಿ ಸಂಧಾನಕ್ಕೆ ವಿಲ್ಸನ್ ಒಬ್ಬ ಸೆನೆಟರನ್ನೂ ಕರೆದೊಯ್ಯಲಿಲ್ಲ. ನನ್ನ ಎಣಿಕೆಯಲ್ಲಿ ಸೋಲಿನ ಬೀಜ ಬಿದ್ದದ್ದು ಇಲ್ಲಿ.

1919ರ ಜೂನ್ 28ರಂದು ವರ್ಸೇಲ್ಸ್‌ನಲ್ಲಿ ಸಹಿ ಬಿದ್ದ ಒಪ್ಪಂದದ ಮೊದಲ ಭಾಗವೇ ರಾಷ್ಟ್ರಸಂಘದ ನಿಯಮಾವಳಿ. ಜಗಳವೆಲ್ಲ ಅದರ 10ನೆಯ ವಿಧಿಯ ಮೇಲೆ. ಹೊರಗಿನವರು ದಾಳಿ ಮಾಡಿದರೆ ಸದಸ್ಯ ರಾಷ್ಟ್ರಗಳು ಪರಸ್ಪರರ ಗಡಿ ಮತ್ತು ಸ್ವಾತಂತ್ರ್ಯವನ್ನು ಕಾಪಾಡಬೇಕು ಎನ್ನುತ್ತದೆ ಈ ವಿಧಿ. ಹಾಗಾದರೆ ಯುದ್ಧ ಸಾರುವ ನಮ್ಮ ಅಧಿಕಾರದ ಗತಿಯೇನು ಎಂದು ಸೆನೆಟರುಗಳು ಕೇಳಿದರು. ಪ್ರಶ್ನೆ ಹುರುಳಿಲ್ಲದ್ದೇನಲ್ಲ. ಸೆನೆಟ್ಟಿನ ವಿದೇಶಾಂಗ ಸಮಿತಿಯ ಅಧ್ಯಕ್ಷ, ರಿಪಬ್ಲಿಕನ್ ನಾಯಕ ಹೆನ್ರಿ ಕ್ಯಾಬಟ್ ಲಾಡ್ಜ್ ಒಪ್ಪಂದವನ್ನು ಸಮಿತಿಯಲ್ಲಿ ಗಟ್ಟಿಯಾಗಿ ಓದುತ್ತಲೇ ಎರಡು ವಾರ ಕಳೆದರು. ಆಮೇಲೆ, ಒಪ್ಪಂದಕ್ಕೆ ಸೆನೆಟ್ ಒಪ್ಪಿಗೆ ಕೊಡಬೇಕಾದರೆ ಸೇರಿಸಬೇಕಾದ ಷರತ್ತುಗಳ ಪಟ್ಟಿ ಹೊರಬಂತು. ಅದರಲ್ಲಿಯೂ ಹದಿನಾಲ್ಕೇ ಅಂಶಗಳು!

ನಮ್ಮ ದೇಶವೂ ಈ ಜಗಳದಲ್ಲಿ ಸಿಕ್ಕಿಕೊಂಡಿತ್ತು. ಬ್ರಿಟನ್, ಕೆನಡಾ, ಆಸ್ಟ್ರೇಲಿಯಾ, ನ್ಯೂಜಿಲೆಂಡ್, ದಕ್ಷಿಣ ಆಫ್ರಿಕಾಗಳ ಜೊತೆ ಭಾರತಕ್ಕೂ ಸಂಘದಲ್ಲಿ ಸ್ಥಾನ ಸಿಕ್ಕಿದ್ದರಿಂದ, ಬ್ರಿಟಿಷ್ ಸಾಮ್ರಾಜ್ಯಕ್ಕೆ ಆರು ಮತ, ಅಮೆರಿಕಕ್ಕೆ ಒಂದೇ ಎಂದು ವಿರೋಧಿಗಳು ಗದ್ದಲವೆಬ್ಬಿಸಿದರು. ಒಪ್ಪಂದಕ್ಕೆ ಭಾರತದ ಪರವಾಗಿ ಸಹಿ ಹಾಕಿದವರು ಬ್ರಿಟಿಷ್ ಸಚಿವ ಎಡ್ವಿನ್ ಮಾಂಟೆಗು ಮತ್ತು ಬಿಕಾನೇರದ ಮಹಾರಾಜ ಗಂಗಾ ಸಿಂಗ್. ಪರಾಧೀನ ದೇಶದ ಮತ ನಿಜಕ್ಕೂ ಯಾರದು ಎಂಬ ಅನುಮಾನ ಹುಟ್ಟಿದ್ದರಲ್ಲಿ ಆಶ್ಚರ್ಯವಿಲ್ಲ.

ಸೆನೆಟ್ ಬಗ್ಗದಿದ್ದಾಗ ವಿಲ್ಸನ್ ನೇರವಾಗಿ ಜನರ ಬಳಿಗೆ ಹೊರಟರು. ಭಾಷಣವನ್ನು ಮನೆಮನೆಗೆ ಮುಟ್ಟಿಸುವ ರೇಡಿಯೋ ಇನ್ನೂ ಬಂದಿರಲಿಲ್ಲ, ರೈಲೇ ಗತಿ. ಸೆಪ್ಟೆಂಬರ್ 3ರಂದು ವಾಷಿಂಗ್ಟನ್ ಬಿಟ್ಟು ಪಶ್ಚಿಮದ ಕಡೆಗೆ ಸುಮಾರು 13,000 ಕಿಲೋಮೀಟರ್ ಸುತ್ತಿದರು. ಮೂರು ವಾರಗಳಲ್ಲಿ ನಲವತ್ತರಷ್ಟು ಭಾಷಣ. ಸ್ಯಾನ್ ಡಿಯಾಗೋದಲ್ಲಿ ಧ್ವನಿವರ್ಧಕ ಸಿಕ್ಕಿತಾದರೂ ಹೆಚ್ಚಿನ ಕಡೆ ಗಂಟಲೇ ಆಧಾರ, ಜೊತೆಗೆ ಬಿಡದ ತಲೆನೋವು. ಬೋರಾ, ಜಾನ್ಸನ್ ಮೊದಲಾದ ಸೆನೆಟರುಗಳು ಅವರಿಗೆ ಉತ್ತರವಾಗಿ ತಾವೂ ಊರೂರು ತಿರುಗಿ ಭಾಷಣ ಮಾಡಿದರು. ಸೆಪ್ಟೆಂಬರ್ 25ರಂದು ಕೊಲೊರಾಡೋದ ಪ್ವೆಬ್ಲೋದಲ್ಲಿ, ಫ್ರಾನ್ಸ್‌ನಲ್ಲಿ ಮಡಿದ ಸೈನಿಕರ ಸಮಾಧಿಗಳನ್ನೂ ಮಕ್ಕಳನ್ನು ಕಳೆದುಕೊಂಡ ತಾಯಂದಿರನ್ನೂ ನೆನೆದು ಮಾತನಾಡಿದರು. ಆ ರಾತ್ರಿ ಕುಸಿದರು, ಪ್ರವಾಸ ನಿಂತಿತು. ಅಕ್ಟೋಬರ್ 2ರಂದು ಪಾರ್ಶ್ವವಾಯು ಬಡಿದು ಎಡಭಾಗ ಸ್ವಾಧೀನ ತಪ್ಪಿತು. ಪತ್ನಿ ಎಡಿತ್ ಮತ್ತು ವೈದ್ಯ ಗ್ರೇಸನ್ ಕಾಯಿಲೆಯ ತೀವ್ರತೆಯನ್ನು ಜನರಿಂದ ಮುಚ್ಚಿಟ್ಟರು.

ಈಗ ಲೆಕ್ಕ ನೋಡಿ. ನವೆಂಬರ್ 19ರಂದು ಷರತ್ತುಗಳಿದ್ದ ಒಪ್ಪಂದಕ್ಕೆ 39 ಮತ ಪರ, 55 ವಿರುದ್ಧ. ಷರತ್ತಿಲ್ಲದ್ದಕ್ಕೆ 38 ಪರ, 53 ವಿರುದ್ಧ. 1920ರ ಮಾರ್ಚ್ 19ರಂದು ಷರತ್ತುಗಳೊಂದಿಗೆ ಮತ್ತೆ ಮತಕ್ಕೆ ಹಾಕಿದಾಗ 49 ಪರ, 35 ವಿರುದ್ಧ. ಬಹುಮತ ಬಂತು, ಮೂರನೇ ಎರಡಕ್ಕೆ ಏಳು ಮತ ಕಡಿಮೆ. ಆ 35ರಲ್ಲಿ ಯಾವ ರೂಪದಲ್ಲಿಯೂ ಒಪ್ಪದ ರಿಪಬ್ಲಿಕನ್ನರು 12 ಮಂದಿ ಮಾತ್ರ. ಉಳಿದ 23 ಮಂದಿ ಡೆಮಾಕ್ರಟರು, ಅಂದರೆ ಷರತ್ತುಗಳನ್ನು ಒಪ್ಪಲೇಬೇಡಿ ಎಂದು ಪಟ್ಟು ಹಿಡಿದಿದ್ದ ವಿಲ್ಸನ್ ಅವರದೇ ಪಕ್ಷದವರು. ಕಾಯಿಲೆ ಅವರ ಹಟವನ್ನು ಹೆಚ್ಚಿಸಿತು ಎನ್ನುವ ಇತಿಹಾಸಕಾರರಿದ್ದಾರೆ; ಹಟ ಮೊದಲಿನಿಂದಲೂ ಇತ್ತು ಎಂಬುದು ನನ್ನ ಅಭಿಪ್ರಾಯ, ಪ್ಯಾರಿಸ್ ನಿಯೋಗದ ಆಯ್ಕೆಯನ್ನೇ ನೋಡಿ.

1921ರ ಆಗಸ್ಟ್‌ನಲ್ಲಿ ಅಮೆರಿಕ ಬರ್ಲಿನ್‌ನಲ್ಲಿ ಜರ್ಮನಿಯೊಂದಿಗೆ ಪ್ರತ್ಯೇಕ ಒಪ್ಪಂದ ಮಾಡಿಕೊಂಡಿತು. ವರ್ಸೇಲ್ಸ್ ಕೊಟ್ಟಿದ್ದ ಹಕ್ಕುಗಳನ್ನು ಅದರಲ್ಲಿ ಉಳಿಸಿಕೊಂಡು, ರಾಷ್ಟ್ರಸಂಘದ ಹೊಣೆಗಳನ್ನಷ್ಟೇ ಕೈಬಿಟ್ಟಿತು.