ಬದನಿಕೆಯೆಂದು ಬಿಸಾಡಿದ ಸೀತಾಳೆ

ರಸ್ತೆ ಅಗಲ ಮಾಡಲೆಂದು ನಮ್ಮೂರ ದಾರಿಯ ಹಳೆಯ ಮಾವಿನ ಮರವನ್ನು ಒಂದು ಫೆಬ್ರವರಿಯಲ್ಲಿ ಕಡಿದರು. ದಿಮ್ಮಿಗಳು ಲಾರಿ ಹತ್ತಿದವು, ಕೊಂಬೆಗಳು ಸೌದೆಗೆ ಹೋದವು. ಯಾರಿಗೂ ಬೇಡವಾದ ಒಂದು ತುಂಡು ಮಾತ್ರ ಚರಂಡಿಯ ಪಕ್ಕದಲ್ಲಿ ವಾರಗಟ್ಟಲೆ ಬಿದ್ದಿತ್ತು. ಅದರ ತೊಗಟೆಗೆ ಒಂದು ಗಿಡ ಅಂಟಿಕೊಂಡಿತ್ತು. ಎಲೆಗಳು ಬಿಸಿಲಿಗೆ ಸುಕ್ಕುಗಟ್ಟಿದ್ದವು. ಧೂಳು ಮೆತ್ತಿದ ಬೇರುಗಳು ಹಳೆಯ ಹಗ್ಗದ ಚೂರುಗಳಂತೆ ಕಾಣುತ್ತಿದ್ದವು. ಅಲ್ಲಿಯೇ ಪುಳ್ಳೆ ಆರಿಸುತ್ತಿದ್ದ ಅಜ್ಜಿಯೊಬ್ಬರನ್ನು ಇದೇನೆಂದು ಕೇಳಿದೆ. "ಬದನಿಕೆ. ಮರದ ಸಾರ ಹೀರುವಂಥದ್ದು, ಬಿಡಿ" ಎಂದರು.

ಅದು ಬದನಿಕೆಯಲ್ಲ, ಸೀತಾಳೆ, ಅಂದರೆ ಆರ್ಕಿಡ್. ಮಲೆನಾಡಿನ ತೋಟಗಳಲ್ಲಿ ಎಷ್ಟೋ ಸೀತಾಳೆ ಗಿಡಗಳು ಸಾಯುವುದು ಈ ಒಂದು ಮಾತಿನಿಂದ. ಮಾವು, ಹಲಸುಗಳ ಕೊಂಬೆ ಸವರುವಾಗ ಇವನ್ನೂ ಕತ್ತಿಯಿಂದ ಹೆರೆದು ಕೆಳಗೆ ಹಾಕುತ್ತಾರೆ. ಬದನಿಕೆ ನಿಜವಾಗಿಯೂ ಮರಕ್ಕೆ ಪೀಡೆ. ಬಂದಳಿಕೆ ಎಂದೂ ಕರೆಯುವ ಆ ಗಿಡ ಆಶ್ರಯ ಕೊಟ್ಟ ಕೊಂಬೆಯೊಳಕ್ಕೆ ತನ್ನ ಹೀರುಬೇರನ್ನು ತೂರಿಸಿ, ಅಲ್ಲಿ ಹರಿಯುವ ನೀರು ಮತ್ತು ಲವಣಗಳನ್ನು ಕದಿಯುತ್ತದೆ. ಅದರ ಅಂಟು ಬೀಜವನ್ನು ಕೊಂಬೆಯಿಂದ ಕೊಂಬೆಗೆ ಒಯ್ಯುವ ಪುಟ್ಟ ಹಕ್ಕಿಗೂ ಬದನಿಕೆ ಹಕ್ಕಿ ಎಂದೇ ಹೆಸರು. ಸೀತಾಳೆಯ ಸಂಗತಿ ಬೇರೆ. ಅದರ ಬೇರು ತೊಗಟೆಯ ಮೇಲೆ ಹರಡುತ್ತದೆಯೇ ಹೊರತು ಒಳಗೆ ಇಳಿಯುವುದಿಲ್ಲ. ಮಳೆ, ಮಂಜು, ತೊಗಟೆಯ ಸಂದಿನಲ್ಲಿ ಕೂತ ತರಗು ಇವಿಷ್ಟೇ ಅದರ ನೀರು, ಲವಣಗಳ ಮೂಲ. ಮರದಿಂದ ಅದು ಪಡೆಯುವುದು ಬೆಳಕಿರುವ ಎತ್ತರದಲ್ಲಿ ಒಂದು ನಿಲುಗಡೆ ಮಾತ್ರ. ಅನುಮಾನವಿದ್ದರೆ ಬುಡವನ್ನು ನೋಡಬೇಕು: ಬದನಿಕೆ ಕೂತಲ್ಲಿ ಕೊಂಬೆ ಗಂಟಿನಂತೆ ಉಬ್ಬಿರುತ್ತದೆ, ಸೀತಾಳೆಯ ಕೆಳಗೆ ತೊಗಟೆ ಹಾಗೆಯೇ ಇರುತ್ತದೆ.

ಆ ಗಿಡ ಬದುಕಿದೆಯೋ ಇಲ್ಲವೋ ಎಂದು ತಿಳಿಯಲು ಮನೆಗೆ ತಂದು ಬೇರುಗಳನ್ನು ಬಕೆಟ್ ನೀರಿನಲ್ಲಿ ಅದ್ದಿದೆ. ಕೆಲವು ಮೆತ್ತಗಾಗಿ ಕೊಳೆತಿದ್ದವು, ಕೆಲವು ಒಣಗಿ ಟೊಳ್ಳಾಗಿದ್ದವು. ಐದಾರು ಬೇರುಗಳು ಮಾತ್ರ ನೋಡುತ್ತಿದ್ದಂತೆಯೇ ಬೂದುಬಣ್ಣ ಕಳೆದುಕೊಂಡು ಹಸಿರಾದವು. ಆ ಕ್ಷಣದ ಸಂತೋಷ ಇನ್ನೂ ನೆನಪಿದೆ. ಮರದ ಮೇಲಿನ ಸೀತಾಳೆಗಳ ಬೇರಿಗೆ ವೆಲಾಮೆನ್ ಎಂಬ ಹೊದಿಕೆ ಇರುತ್ತದೆ. ಅದು ಸತ್ತ ಜೀವಕೋಶಗಳ ಸ್ಪಂಜು. ಒಣಗಿದಾಗ ಗಾಳಿ ತುಂಬಿಕೊಂಡು ಬೆಳ್ಳಗೆ ಕಾಣುತ್ತದೆ. ನೀರು ಬಿದ್ದೊಡನೆ ಹೀರಿಕೊಂಡು ಪಾರಕವಾಗುತ್ತದೆ, ಆಗ ಒಳಗಿನ ಪತ್ರಹರಿತ್ತು ಹೊರಗೆ ಕಾಣುತ್ತದೆ. ಹೌದು, ಈ ಬೇರುಗಳಲ್ಲಿಯೂ ಎಲೆಯಲ್ಲಿರುವಂತೆ ಹಸಿರು ಇದೆ. ಕೊಂಬೆಯ ಮೇಲೆ ಮಳೆನೀರು ಹರಿದುಹೋಗಲು ಹೆಚ್ಚು ಹೊತ್ತು ಬೇಕಿಲ್ಲವಾದ್ದರಿಂದ, ಸಿಕ್ಕಷ್ಟನ್ನು ಸಿಕ್ಕಾಗಲೇ ಹಿಡಿದಿಡುವ ಏರ್ಪಾಡು ಇದು. ದಪ್ಪ ಎಲೆಯ ಅನೇಕ ಸೀತಾಳೆಗಳು ಹಗಲಿನ ಬಿಸಿಲಿನಲ್ಲಿ ಎಲೆಯ ರಂಧ್ರಗಳನ್ನು ಮುಚ್ಚಿ, ರಾತ್ರಿಯ ತಂಪಿನಲ್ಲಿ ತೆರೆದು ಇಂಗಾಲದ ಡೈಆಕ್ಸೈಡನ್ನು ಒಳಗೆಳೆದುಕೊಳ್ಳುತ್ತವೆ. ನೀರನ್ನು ಹೀಗೆ ಉಳಿಸುವುದರಿಂದಲೇ ಮಲೆನಾಡಿನ ಮಳೆಯಿಲ್ಲದ ತಿಂಗಳುಗಳನ್ನು ಮಣ್ಣಿನ ಆಸರೆಯಿಲ್ಲದೆ ಕಳೆಯಬಲ್ಲವು.

ಇಂಥ ಗಿಡವನ್ನು ಕುಂಡದ ಮಣ್ಣಿನಲ್ಲಿ ಹೂಳುವುದು ಕೊಂದಂತೆಯೇ. ಗಾಳಿಯಾಡದ ಬೇರು ಕೊಳೆಯುತ್ತದೆ. ಕೊಳೆತದ್ದನ್ನೆಲ್ಲ ಕತ್ತರಿಸಿ, ಗಟ್ಟಿ ಬೇರುಗಳನ್ನು ಉಳಿಸಿಕೊಂಡು, ಹಿತ್ತಲ ಹಲಸಿನ ಕಾಂಡಕ್ಕೆ ತೆಂಗಿನ ನಾರಿನಿಂದ ಕಟ್ಟಿದೆ. ತೊಗಟೆ ಒರಟಾಗಿರಬೇಕು; ಸಿಪ್ಪೆ ಸುಲಿಯುವ ಪೇರಳೆಯಂಥ ಮರ ಆಗದು. ಎಲೆಗಳ ನಡುವಿನ ಸುಳಿಯಲ್ಲಿ ನೀರು ನಿಂತರೆ ಅದೇ ಕೊಳೆಯುತ್ತದೆ. ಹಾಗಾಗಿ ಗಿಡವನ್ನು ಓರೆಯಾಗಿ, ಬೆಳಗಿನ ಎಳೆಬಿಸಿಲು ಮಾತ್ರ ತಾಗುವಂತೆ ಇಟ್ಟೆ. ಮಳೆಗಾಲದವರೆಗೆ ದಿನವೂ ಬೆಳಿಗ್ಗೆ ನೀರು ಚಿಮುಕಿಸಿದೆ.

ಗಿಡ ಉಳಿಯಿತು. ಆದರೆ ಯಾವುದು ಇದು? ಪಟ್ಟಿಯಂತೆ ಎರಡು ಸಾಲಿನಲ್ಲಿ ಜೋಡಿಸಿದ ದಪ್ಪ ಎಲೆಗಳು ನಮ್ಮ ಕಡೆಯ ಹಲವು ಸೀತಾಳೆಗಳಲ್ಲಿವೆ. ವ್ಯಾಂಡಾ, ಏರಿಡಿಸ್, ಅಕಾಂಪೆ, ರಿಂಕೊಸ್ಟೈಲಿಸ್ ಎಲ್ಲವೂ ಹೂವಿಲ್ಲದಾಗ ಅಣ್ಣತಮ್ಮಂದಿರಂತೆ. ಮೊಬೈಲಿನಲ್ಲಿ ಚಿತ್ರ ಕೊಟ್ಟು ಹೆಸರು ಕೇಳಿದರೆ ಒಂದೊಂದು ಸಲ ಒಂದೊಂದು ಉತ್ತರ ಬಂತು. ಎಲೆಯ ತುದಿ ಸಮವಾಗಿರದೆ ಎರಡಾಗಿ ಸೀಳಿತ್ತು, ಎಲೆಯ ಉದ್ದಕ್ಕೂ ತಿಳಿಗೆರೆಗಳಿದ್ದವು. ಊಹಿಸಲು ಇಷ್ಟು ಸಾಕು, ಹೇಳಲು ಸಾಲದು. ಸೀತಾಳೆಯನ್ನು ಗುರುತಿಸುವುದೆಂದರೆ ಹೂವಿಗಾಗಿ ಕಾಯುವುದು. ಮೊದಲ ಮೇ ತಿಂಗಳು ಬರಿದೇ ಹೋಯಿತು, ಎರಡನೆಯದೂ ಹೋಯಿತು.

ಮೂರನೆಯ ವರ್ಷ ಮೇ ಕೊನೆಯ ವಾರ ಎಲೆಯ ಕಂಕುಳಿನಿಂದ ಇಳಿದ ಗೊನೆ ಒಂದು ಗೇಣಿಗಿಂತ ಉದ್ದವಾಗಿ ಜೋತುಬಿತ್ತು. ಬಿಳಿಯ ಮೇಲೆ ನಸುನೇರಳೆ ಚುಕ್ಕೆಗಳ ಹೂಗಳು ನರಿಯ ಬಾಲದಂತೆ ಒತ್ತಾಗಿ ಅರಳಿದವು. ಅಕಾಂಪೆಯದು ಗಿಡ್ಡ ಗೊಂಚಲು, ಹಳದಿಯ ಮೇಲೆ ಕೆಂಗಂದು ಪಟ್ಟೆ, ಅದಲ್ಲ. ಏರಿಡಿಸ್ ಹೂವಿನ ಮಕರಂದದ ಚೀಲ ಸಾಮಾನ್ಯವಾಗಿ ಮುಂದಕ್ಕೆ ಕೊಕ್ಕೆಯಂತೆ ಬಾಗಿರುತ್ತದೆ. ಇಲ್ಲಿ ಅದು ಪಕ್ಕಗಳಿಂದ ಒತ್ತಿದಂತಿದ್ದು ಹಿಂದಕ್ಕೆ ಚಾಚಿತ್ತು. ರಿಂಕೊಸ್ಟೈಲಿಸ್ ರೆಟ್ಯೂಸಾ! ಸೀತೆ ವನವಾಸದಲ್ಲಿ ಮುಡಿದಳೆಂದು ಹೇಳುವ ಸೀತಾಳೆ ದಂಡೆ ಇದೇ. ಅಸ್ಸಾಮಿನವರಿಗೆ ಇದು ಕೊಪೌ ಫೂಲ್. ಅಲ್ಲಿ ಬಿಹು ಹಬ್ಬದಲ್ಲಿ ಹುಡುಗಿಯರು ಮುಡಿಯುತ್ತಾರೆ, ರಾಜ್ಯದ ಹೂವೂ ಇದೇ.

ಈ ಗಿಡದ ವೈಜ್ಞಾನಿಕ ಹೆಸರಿನ ಬೇರು ನಮ್ಮ ಕರಾವಳಿಯ ಸಾಲಿನಲ್ಲಿಯೇ ಇದೆ. ಕೊಚ್ಚಿಯಲ್ಲಿದ್ದ ಡಚ್ ಅಧಿಕಾರಿ ವಾನ್ ರೀಡ್, ಇಟ್ಟಿ ಅಚ್ಯುತನ್ ಎಂಬ ಮಲಯಾಳಿ ವೈದ್ಯರ ಮತ್ತು ಮೂವರು ಕೊಂಕಣಿ ವೈದ್ಯರ ನೆರವಿನಿಂದ 'ಹೋರ್ಟಸ್ ಮಲಬಾರಿಕಸ್' ಎಂಬ, ಮಲಬಾರಿನ ಗಿಡಮರಗಳ 12 ಸಂಪುಟಗಳ ಗ್ರಂಥ ಮಾಡಿಸಿದ. ಆತ ತೀರಿಕೊಂಡ ಮೇಲೆ 1693ರಲ್ಲಿ ಬಂದ ಕೊನೆಯ ಸಂಪುಟದಲ್ಲಿ ಈ ಸೀತಾಳೆಯ ಚಿತ್ರವಿದೆ, 'ಆಂಜಿಲಿ ಮರವಾಳ' ಎಂಬ ಮಲಯಾಳಂ ಹೆಸರಿನಲ್ಲಿ. ಆಂಜಿಲಿ ಎಂದರೆ ನಮ್ಮ ಹೆಬ್ಬಲಸು, ವಾಳ ಎಂದರೆ ಬಾಳೆ: ಹೆಬ್ಬಲಸಿನ ಮರಬಾಳೆ. ಭಾರತವನ್ನು ಕಾಣದ ಸ್ವೀಡನ್ನಿನ ಸಸ್ಯವಿಜ್ಞಾನಿ ಲಿನೇಯಸ್ 1753ರಲ್ಲಿ ಆ ಚಿತ್ರವನ್ನು ನೆಚ್ಚಿಕೊಂಡೇ ಇದಕ್ಕೆ ಎಪಿಡೆಂಡ್ರಮ್, ಅಂದರೆ 'ಮರದ ಮೇಲಿನದು' ಎಂಬ ಕುಲದ ಹೆಸರಿಟ್ಟ. ಈಗಿನ ಹೆಸರು 1825ರಲ್ಲಿ ಬ್ಲೂಮ್ ಎಂಬ ಸಸ್ಯವಿಜ್ಞಾನಿ ಕೊಟ್ಟದ್ದು. ಹೆಬ್ಬಲಸಿನ ಮೇಲೆ ಇದನ್ನು ಕಂಡು ಹೆಸರು ಹೇಳಿದವರು ಇದನ್ನು ಬದನಿಕೆ ಎನ್ನಲಿಲ್ಲ ಎಂಬುದು ನನಗೆ ದೊಡ್ಡ ಸಂಗತಿಯಾಗಿ ಕಾಣುತ್ತದೆ.

ಬಿದ್ದ ಗಿಡವನ್ನು ಎತ್ತಿ ಕಟ್ಟುವುದು ಒಂದು, ಕಾಡಿನ ಮರದಿಂದ ಕಿತ್ತು ತರುವುದು ಇನ್ನೊಂದು. ಎರಡನೆಯದನ್ನು ಯಾರೂ ಮಾಡಬಾರದು. ಸೀತಾಳೆಯ ಬೀಜ ಧೂಳಿನಷ್ಟು ಸಣ್ಣದು, ಮೊಳೆಯಲು ಬೇಕಾದ ಬುತ್ತಿ ಅದರಲ್ಲಿಲ್ಲ. ಫ್ರಾನ್ಸಿನ ಸಸ್ಯವಿಜ್ಞಾನಿ ನೊಯೆಲ್ ಬರ್ನಾರ್ 1899ರಲ್ಲಿ ಕಂಡುಕೊಂಡಂತೆ, ತಕ್ಕ ಶಿಲೀಂಧ್ರವೊಂದು ಒಳಹೊಕ್ಕು ಉಣಿಸಿದರೆ ಮಾತ್ರ ಅದು ಕಾಡಿನಲ್ಲಿ ಗಿಡವಾಗುತ್ತದೆ. ಕಾಯೊಂದರಲ್ಲಿ ಲೆಕ್ಕವಿಲ್ಲದಷ್ಟು ಬೀಜಗಳಿದ್ದರೂ ಬಹುಪಾಲು ಗಾಳಿಯ ಪಾಲು. ಮೊಳೆತದ್ದು ಹೂ ಬಿಡಲು ವರ್ಷಗಳೇ ಬೇಕು.

ಈ ಸಲ ನಮ್ಮ ಗಿಡದಲ್ಲಿ ಎರಡು ಗೊನೆಗಳಿದ್ದವು. ನಾನು ಕಟ್ಟಿದ್ದ ತೆಂಗಿನ ನಾರು ಕೊಳೆತು ಉದುರಿದೆ. ಹೊಸ ಬೇರುಗಳು ಹಲಸಿನ ತೊಗಟೆಯನ್ನು ನಾಲ್ಕು ಬೆರಳುದ್ದ ಹಿಡಿದುಕೊಂಡಿವೆ. ಮತ್ತೆ ಕಟ್ಟಿಲ್ಲ.