‘ಪಿತೃಪ್ರಧಾನತೆ’ ಗಂಡಸರನ್ನು ಬೈಯುವ ಪದವೇ?

ಪ್ರಶ್ನೆ: ಪಿತೃಪ್ರಧಾನತೆ, ಪಿತೃಶಾಹಿ, ಪುರುಷಾಹಂಕಾರ ಎಲ್ಲಾ ಒಂದೇ ಏನ್ರಿ? ನಮ್ಮ ಮನ್ಯಾಗ ಅವ್ವಂದೇ ಕಾರಭಾರ. ಸುಮ್ಮನೆ ಗಂಡಸರನ್ನು ಯಾಕೆ ಬೈತಾರ? (ಓದುಗರು, ಕಲಬುರಗಿ)

ಉತ್ತರ: ಮೊದಲೆರಡೂ ಒಂದೇ. ‘ಶಾಹಿ’ ಎಂದರೆ ಆಳ್ವಿಕೆ. ಬರೀದ್‌ಶಾಹಿಗಳು ಆಳಿದ ಬೀದರಿನ ಪಕ್ಕದವರಾದ ನಿಮಗೆ ಅದನ್ನು ಬಿಡಿಸಿ ಹೇಳಬೇಕಿಲ್ಲ. ಪುರುಷಾಹಂಕಾರ ಒಬ್ಬನ ಗುಣ, ಪಿತೃಪ್ರಧಾನತೆ ಒಂದು ವ್ಯವಸ್ಥೆ. ‘ಪುರುಷಕೇಂದ್ರಿತ’ ಎಂಬ ಇನ್ನೊಂದು ಪದವಿದೆ: ಗಂಡಸನ್ನೇ ಅಳತೆಗೋಲು ಮಾಡಿಕೊಂಡ ನೋಟ. ತೊಗರಿ ಹೊಲದಲ್ಲಿ ಕಳೆ ಕೀಳುವವರು ಹೆಚ್ಚಾಗಿ ಹೆಂಗಸರೇ, ಆದರೂ ‘ರೈತ’ ಎಂದೊಡನೆ ಕಣ್ಣಿಗೆ ಬರುವುದು ರುಮಾಲು ಸುತ್ತಿದ ಗಂಡಸು. ‘ಪ್ರಾಧಾನ್ಯತೆ’ ಎಂದು ಮಾತ್ರ ಬರೆಯಬೇಡಿ. ‘ಪ್ರಾಧಾನ್ಯ’ವೇ ಭಾವನಾಮ, ಅದಕ್ಕೆ ಮತ್ತೊಂದು ‘ತೆ’ ಬೇಡ.

ಇನ್ನು ‘ಅವ್ವಂದೇ ಕಾರಭಾರ’. ಎಷ್ಟು ಸಲ ಹೇಳಿದರೂ ಈ ಮಾತು ತಿರುಗಿ ಬರುತ್ತದೆ. ರೇಷನ್ ಕಾರ್ಡಿನಲ್ಲಿ ಅವ್ವನೇ ಯಜಮಾನಿ ನಿಜ. 2013ರ ಆಹಾರ ಭದ್ರತಾ ಕಾಯ್ದೆಯೇ ಹಾಗೆ ಬರೆದಿದೆ. ಈಗ ಹೊಲದ ಪಹಣಿ ತೆಗೆದು ಮಾಲೀಕರ ಹೆಸರಿರುವ 9ನೇ ಕಾಲಂ ನೋಡಿ. ಅಲ್ಲಿ ಯಾರ ಹೆಸರಿದೆ? ಅಪ್ಪ ತೀರಿದ ಮೇಲೆ ಖಾತೆ ಬದಲಾಗುವಾಗ ಅಕ್ಕ-ತಂಗಿಯರಿಗೆ ಸೀರೆ-ಕುಪ್ಪಸ ಕೊಟ್ಟು ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸುತ್ತಾರಲ್ಲ, ‘ತವರು ಬೇಕಂದ್ರ ಸಹಿ ಮಾಡವ್ವಾ’ ಎಂದು ಹೇಳುವವಳು ಎಷ್ಟೋ ಸಲ ಅವ್ವನೇ. ಅವಳು ಗಂಡಸಲ್ಲ, ಕೆಟ್ಟವಳೂ ಅಲ್ಲ. ಮುಪ್ಪಿನಲ್ಲಿ ಅವಳ ಅನ್ನ ಮಗನ ಕೈಯಲ್ಲಿದೆ, ಅದಕ್ಕೇ ಮಗನ ಪರ ನಿಲ್ಲುತ್ತಾಳೆ. ಆಸ್ತಿ, ಹೆಸರು, ಕೊನೆಯ ಮಾತು ಅಪ್ಪನಿಂದ ಮಗನಿಗೇ ಹರಿಯುವ ಈ ಏರ್ಪಾಡಿಗೇ ಪಿತೃಪ್ರಧಾನತೆ ಎನ್ನುವುದು. ಅದನ್ನು ಹೆಂಗಸೂ ನಡೆಸಬಲ್ಲಳು, ಗಂಡಸೂ ವಿರೋಧಿಸಬಲ್ಲ. ಹಾಗಿದ್ದ ಮೇಲೆ ಅದು ಬೈಗುಳ ಹೇಗಾದೀತು?

ಸಹಿ ಮಾಡುವ ಮೊದಲು ಇಷ್ಟು ತಿಳಿದಿರಲಿ. ಹಿಂದೂ ಉತ್ತರಾಧಿಕಾರ ಕಾಯ್ದೆಯ 2005ರ ತಿದ್ದುಪಡಿಯಂತೆ ಹಿಂದೂ ಅವಿಭಕ್ತ ಕುಟುಂಬದ ಪಿತ್ರಾರ್ಜಿತ ಆಸ್ತಿಯಲ್ಲಿ ಮಗಳಿಗೆ ಹುಟ್ಟಿನಿಂದಲೇ ಮಗನಷ್ಟೇ ಹಕ್ಕು. ಮದುವೆಯಾದರೂ ಅದು ಹೋಗದು. ತಿದ್ದುಪಡಿ ಜಾರಿಗೆ ಬಂದ ದಿನ, ಅಂದರೆ ಆ ವರ್ಷ ಸೆಪ್ಟೆಂಬರ್ 9ರಂದು, ಅಪ್ಪ ಬದುಕಿರಲೇಬೇಕು ಎಂದೇನಿಲ್ಲ ಎಂದು 2020ರಲ್ಲಿ ಸುಪ್ರೀಂ ಕೋರ್ಟ್ ತೀರ್ಪು ಕೊಟ್ಟಿದೆ.

ಹಾಗಾದರೆ ಕರಾವಳಿಯ ಅಳಿಯಸಂತಾನ ಮಾತೃಪ್ರಧಾನವೇ? ಅಲ್ಲ, ಅದು ಮಾತೃವಂಶೀಯ. ವಂಶ ಎಣಿಸುವುದು ತಾಯಿಯ ಕಡೆಯಿಂದ, ಆದರೆ ಮನೆತನದ ಯಜಮಾನಿಕೆ ಸಾಮಾನ್ಯವಾಗಿ ಸೋದರಮಾವನ ಕೈಯಲ್ಲಿರುತ್ತಿತ್ತು.